ನೀರು ಕುಡಿದ ಸರಕು



ಮಾರುವುದು, ಕೊಳ್ಳುವುದು ಇವೆರಡೂ ಮನುಷ್ಯನ ಬಹು ಹಳೆಯ ವ್ಯವಹಾರಗಳು. ಇವುಗಳಲ್ಲಿ ಕೊಳ್ಳುವ ವಿದ್ಯೆಯನ್ನು ಹಿರಿಯರು ನಮಗೆ ಸಾಕಷ್ಟು ಕಲಿಸಿದ್ದಾರೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡು, ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡು, ಬದನೆಕಾಯಿಯಲ್ಲಿ ಹುಳುವಿನ ತೂತಿದೆಯೇ ನೋಡು, ಬೆಂಡೆಕಾಯಿಯ ತುದಿ ಮುರಿದು ನೋಡು. ಮಾರುವ ವಿದ್ಯೆಯನ್ನು ಮಾತ್ರ ವ್ಯಾಪಾರಿಗಳ ಮನೆಯ ಮಕ್ಕಳಿಗೆ ಬಿಟ್ಟುಕೊಟ್ಟು, ಉಳಿದ ನಾವೆಲ್ಲ ಅದು ನಮಗೆ ಸಂಬಂಧಿಸಿದ್ದಲ್ಲವೆಂದು ನಿಶ್ಚಿಂತರಾಗಿದ್ದುಬಿಟ್ಟೆವು. ಸಂಬಳದ ಮೇಲೆ ಬಾಳಿದ ಮೇಷ್ಟರಾಗಲಿ ಗುಮಾಸ್ತರಾಗಲಿ ಜೀವಮಾನದಲ್ಲಿ ಮಾರುತ್ತಿದ್ದುದಾದರೂ ಏನು? ತಿಂಗಳಿಗೊಮ್ಮೆ ಹಳೆಯ ಪತ್ರಿಕೆ. ಎಲ್ಲೋ ಒಮ್ಮೆ ತುಕ್ಕು ಹಿಡಿದ ಒಂದು ಸೈಕಲ್ಲು.

ಈಗ ಕಾಲ ಹಾಗಿಲ್ಲ. ಮನೆಮನೆಯಲ್ಲಿಯೂ ಕೆಲವು ವರ್ಷಕ್ಕೊಮ್ಮೆ ಕೈಫೋನು ಬದಲಾಗುತ್ತದೆ, ಲ್ಯಾಪ್‌ಟಾಪ್ ಬದಲಾಗುತ್ತದೆ. ಹಳೆಯದನ್ನು ಕೊಟ್ಟು ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳುವ ‘ಎಕ್ಸ್‌ಚೇಂಜ್’ ಎಂಬ ಪದ್ಧತಿ ಹುಡುಗರಿಗೆ ಕರತಲಾಮಲಕವಾಗಿದೆ. ಬಯಸಿಯೋ ಬಯಸದೆಯೋ ನಾವೆಲ್ಲರೂ ಮಾರುವವರಾಗಿದ್ದೇವೆ. ಆದ್ದರಿಂದ ಮಾರುವವನ ಧರ್ಮ ಯಾವುದು ಎಂಬ ಪ್ರಶ್ನೆ ಅಂಗಡಿಬೀದಿಯನ್ನು ದಾಟಿ ನಮ್ಮ ನಡುಮನೆಗೇ ಬಂದು ಕುಳಿತಿದೆ. ಈ ಹೊತ್ತು ಆ ಪ್ರಶ್ನೆಯನ್ನು ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ಕೇಳೋಣವೆಂದು ನನ್ನ ಉದ್ದೇಶ. ಆ ವಸ್ತು, ನೀರು ಬಿದ್ದ ಲ್ಯಾಪ್‌ಟಾಪ್.

ನಮ್ಮ ಹಳೆಯ ಮೈಸೂರು ಸೀಮೆಯ ದನದ ಜಾತ್ರೆಗಳನ್ನು ಕಂಡವರಿಗೆ ಅಲ್ಲಿಯ ವ್ಯಾಪಾರದ ಬಿಗಿ ಗೊತ್ತಿದೆ. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ವಯಸ್ಸನ್ನು ಗೊತ್ತುಮಾಡುತ್ತಾನೆ. ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಆಮೇಲೆ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಬೆಲೆಗೆ ಮರೆಯುಂಟು, ಎತ್ತಿಗೆ ಮರೆಯಿಲ್ಲ. ಅದರ ದೋಷವೆಲ್ಲ ಬಹುಮಟ್ಟಿಗೆ ಅದರ ಮೈಮೇಲೆಯೇ ಬರೆದಿರುತ್ತದೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಇದು ತಲೆಕೆಳಗು. ಬೆಲೆ ಎಲ್ಲರಿಗೂ ಕಾಣುತ್ತದೆ, ದೋಷ ಯಾರಿಗೂ ಕಾಣದು. ಬಾಯಿ ಬಿಡಿಸಿ ನೋಡೋಣವೆಂದರೆ ಅದಕ್ಕೆ ಸಣ್ಣ ತಿರುಪುಮೊಳೆಗಳ ಬೀಗ.

ನೀರಿನ ದೋಷವಂತೂ ದೋಷಗಳಲ್ಲೆಲ್ಲ ಕಪಟವಾದದ್ದು. ಕೆಳಗೆ ಬಿದ್ದು ಗಾಜು ಒಡೆದರೆ ಬಿರುಕು ಕಾಣುತ್ತದೆ. ನೀರು ಬಿದ್ದರೆ ಕೆಲವು ಸಲ ಏನೂ ಕಾಣುವುದಿಲ್ಲ. ಶುದ್ಧವಾದ ನೀರು ವಿದ್ಯುತ್ತನ್ನು ಹರಿಯಗೊಡುವುದು ಅತ್ಯಲ್ಪ. ನಮ್ಮ ನಲ್ಲಿಯ ನೀರಿನಲ್ಲಿ, ಸೂರಿನಿಂದ ಧೂಳು ತೊಳೆದುಕೊಂಡು ಇಳಿದ ಮಳೆಯ ನೀರಿನಲ್ಲಿ, ಲವಣಗಳು ಕರಗಿರುತ್ತವೆ. ಅವೇ ವಿದ್ಯುತ್ತಿಗೆ ದಾರಿಯಾಗುತ್ತವೆ. ಯಂತ್ರವನ್ನು ಆರಿಸಿದ್ದರೂ ಒಳಗಿನ ಬ್ಯಾಟರಿ ಕೆಲವು ಭಾಗಗಳಿಗೆ ವಿದ್ಯುತ್ತನ್ನು ಊಡುತ್ತಲೇ ಇರುತ್ತದೆ. ತೇವವೂ ವಿದ್ಯುತ್ತೂ ಕೂಡಿದಲ್ಲಿ ಲೋಹ ಸವೆಯತೊಡಗುತ್ತದೆ. ತಾಮ್ರದ ತಂಬಿಗೆಯನ್ನು ಹುಣಿಸೆಹಣ್ಣಿನಿಂದ ತಿಕ್ಕದೆ ಬಿಟ್ಟರೆ ಕಿಲುಬು ಹಿಡಿಯುವುದಿಲ್ಲವೆ? ಆ ಕಿಲುಬೇ ಕೂದಲೆಳೆಯಂಥ ತಾಮ್ರದ ಗೆರೆಗಳ ಮೇಲೆ ಹಸಿರಾಗಿ ಕೂರುತ್ತದೆ. ನೀರು ಆರಿದ ಮೇಲೂ ಲವಣ ಅಲ್ಲಿಯೇ ಉಳಿದಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮತ್ತೆ ತನ್ನ ಕೆಲಸವನ್ನು ಹಿಡಿಯುತ್ತದೆ. ಹೀಗಾಗಿ ಇಂದು ಚೆನ್ನಾಗಿಯೇ ನಡೆಯುತ್ತಿರುವ ಯಂತ್ರ ಮೂರು ವಾರಕ್ಕೋ ಮೂರು ತಿಂಗಳಿಗೋ ಹೇಳದೆ ಕೇಳದೆ ಕಣ್ಣು ಮುಚ್ಚಬಹುದು. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರೆ ನೀರನ್ನೆಲ್ಲ ಹೀರುತ್ತದೆಂಬ ಒಂದು ನಂಬಿಕೆ ಮನೆಮನೆಯಲ್ಲಿ ಹಬ್ಬಿದೆ. ಅಕ್ಕಿ ಕಿಲುಬನ್ನು ಹೀರಲಾರದು; ತನ್ನ ಹಿಟ್ಟಿನ ಧೂಳನ್ನು ಯಂತ್ರಕ್ಕೆ ಕೊಡುಗೆಯಾಗಿ ಕೊಡಬಲ್ಲದು, ಅಷ್ಟೆ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಕೆಲವು ತಯಾರಕರು ಯಂತ್ರದೊಳಗೆ ಬೆರಳುಗುರಿನಷ್ಟು ಚಿಕ್ಕ ಬಿಳಿಯ ಚೀಟಿಗಳನ್ನು ಅಂಟಿಸಿರುತ್ತಾರೆ. ನೀರು ಸೋಕಿದರೆ ಆ ಚೀಟಿ ಕೆಂಪಾಗುತ್ತದೆ. ಒಣಗಿದ ಮೇಲೂ ಕೆಂಪಾಗಿಯೇ ಉಳಿಯುತ್ತದೆ. ದುರಸ್ತಿಯವನು ಮುಚ್ಚಳ ತೆಗೆದೊಡನೆ ಮೊದಲು ನೋಡುವುದು ಅದನ್ನೆ. ಸಾಮಾನ್ಯವಾದ ಖಾತರಿ ನೀರಿನ ಹಾನಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮಾಡಿಕೊಂಡ ಏರ್ಪಾಡು ಅದು. ಯಜಮಾನ ಏನನ್ನೇ ಹೇಳಲಿ, ಹೇಳದಿರಲಿ, ಯಂತ್ರ ತನ್ನ ಸಾಕ್ಷಿಯನ್ನು ಒಡಲಲ್ಲಿಯೇ ಇಟ್ಟುಕೊಂಡಿರುತ್ತದೆ.

2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಸುತ್ತಿನ ಬಡಾವಣೆಗಳು ಮಳೆನೀರಿನಲ್ಲಿ ಮುಳುಗಿ, ಗಣಕದ ಕಂಪನಿಗಳ ನೌಕರರು ಟ್ರ್ಯಾಕ್ಟರುಗಳ ಮೇಲೆ ಕೆಲಸಕ್ಕೆ ಹೋದದ್ದು ನಿಮಗೆ ನೆನಪಿರಬಹುದು. ಅಂಥ ಪ್ರತಿಯೊಂದು ಮಳೆಯ ಹಿಂದೆಯೂ ನೀರು ಕುಡಿದ ಸರಕಿನ ಒಂದು ಸಣ್ಣ ಪ್ರವಾಹ ಹಳೆಯ ಸಾಮಾನಿನ ಪೇಟೆಗೆ ಹರಿಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದರಲ್ಲಿ ಎಷ್ಟು ‘ನೀರು ಬಿದ್ದದ್ದು’ ಎಂಬ ಹೆಸರಿನಿಂದ ಹೋಗುತ್ತದೆ, ಎಷ್ಟು ಸುಮ್ಮನೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮೈಸೂರಿನ ನಮ್ಮ ಮನೆ ಹಳೆಯ ಹೆಂಚಿನ ಮನೆ. ನಾವು ದಂಪತಿಗಳು ಬಂಧುಗಳ ಮದುವೆಗೆಂದು ಪರಸ್ಥಳಕ್ಕೆ ಹೋಗಿದ್ದಾಗ ಕೋತಿಗಳು ಎರಡು ಹೆಂಚುಗಳನ್ನು ಸರಿಸಿದುವು. ಅದೇ ರಾತ್ರಿ ಮಳೆ ಹೊಯ್ಯಿತು. ಬಂದು ನೋಡುವಾಗ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಅಕ್ಷರಗುಂಡಿಗಳ ನಡುವೆ ನೀರು ನಿಂತಿತ್ತು. ಹನ್ನೊಂದು ವರ್ಷಗಳಿಂದ ನಾನು ಕೂಡಿಹಾಕುತ್ತ ಬಂದ ದನದ ವ್ಯಾಪಾರದ ಪದಗಳ ಸಂಗ್ರಹ ಅದರೊಳಗಿತ್ತು. ಪುಣ್ಯಕ್ಕೆ ಮಾಹಿತಿಯ ಡಿಸ್ಕಿಗೆ ಏನೂ ಆಗಿರಲಿಲ್ಲ. ದುರಸ್ತಿಯ ಹುಡುಗ ಯಂತ್ರವನ್ನು ಬಿಚ್ಚಿ, ಆಲ್ಕೊಹಾಲಿನಿಂದ ತೊಳೆದು, ಒಣಗಿಸಿ, ಮತ್ತೆ ಜೋಡಿಸಿದ. ಅದು ನಡೆಯಿತು. ಆದರೆ ಅವನು ಭೂತಗನ್ನಡಿಯಲ್ಲಿ ನನಗೆ ಹಸಿರು ಕಿಲುಬನ್ನೂ ಕೆಂಪಾದ ಚೀಟಿಯನ್ನೂ ತೋರಿಸಿ, “ಈಗ ನಡೀತಾ ಇದೆ ಸಾರ್. ಎಷ್ಟು ದಿನ ಅಂತ ನಾನು ಹೇಳಕ್ಕಾಗಲ್ಲ” ಎಂದ. ವೈದ್ಯರೂ ಇಷ್ಟು ಸ್ಪಷ್ಟವಾಗಿ ಹೇಳುವುದು ಅಪರೂಪ.

ಯಂತ್ರವನ್ನು ಮಾರಿ ಹೊಸದನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ಬೆಂಗಳೂರಿನಲ್ಲಿರುವ ಮಗ ಒಂದು ಕಂಪನಿಯ ಎಕ್ಸ್‌ಚೇಂಜಿನ ಪ್ರಶ್ನಾವಳಿಯನ್ನು ತೆರೆದ. ಯಂತ್ರ ಆನ್ ಆಗುತ್ತದೆಯೆ? ಆಗುತ್ತದೆ. ಪರದೆ ಒಡೆದಿದೆಯೆ? ಇಲ್ಲ. ನೀರು ಅಥವಾ ಬೇರೆ ದ್ರವದಿಂದ ಹಾನಿಯಾಗಿದೆಯೆ? ಇಲ್ಲಿ ನಿಂತಿತು. ‘ಇಲ್ಲ’ ಎಂದರೆ 11,500 ರೂಪಾಯಿ. ‘ಹೌದು’ ಎಂದರೆ 2,800. ನಿವೃತ್ತಿವೇತನದವನಿಗೆ ನಡುವಿನ ಅಂತರ ಉದಾಸೀನಮಾಡುವ ಮೊತ್ತವಲ್ಲ. ಮಗ ಹೇಳಿದ: “ಅಪ್ಪ, ಈಗ ಸರಿಯಾಗಿ ನಡೀತಾ ಇದೆಯಲ್ಲ, ಅದು ಹಾನಿ ಹೇಗಾಗತ್ತೆ? ಅದೂ ಅಲ್ಲದೆ ಅಲ್ಲಿ ಇರೋದು ಮನುಷ್ಯ ಅಲ್ಲ, ಕಂಪನಿ. ಇಂಥ ನಷ್ಟಾನೆಲ್ಲ ಲೆಕ್ಕ ಹಾಕೇ ಅವರು ಬೆಲೆ ಕಟ್ಟಿರ್ತಾರೆ.”

ಮಗನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಅದರಲ್ಲಿ ಅರ್ಥಶಾಸ್ತ್ರದ ಒಂದು ಸತ್ಯ ಅಡಗಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂದದ್ದು ಈ ಬಗೆಯ ಚಿಂತನೆಗೇ. ಅವರ ದೇಶದ ಆಡುಮಾತಿನಲ್ಲಿ ಹುಳುಕು ಕಾರಿಗೆ ನಿಂಬೆಹಣ್ಣು ಎಂದು ಹೆಸರು. ಕಾರು ಒಳ್ಳೆಯದೋ ನಿಂಬೆಹಣ್ಣೋ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸಹೋಗುವ ಭಯದಿಂದ ಕೊಳ್ಳುವವನು ಎಲ್ಲ ಕಾರಿಗೂ ಕಡಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರನ್ನು ಕೊಡಲು ಯಾರೂ ಒಪ್ಪುವುದಿಲ್ಲ, ಒಳ್ಳೆಯವು ಪೇಟೆಯಿಂದ ಹಿಂದೆಗೆಯುತ್ತವೆ, ಹುಳುಕೇ ಉಳಿಯುತ್ತದೆ. ಹಾಗಾದರೆ ಕಂಪನಿ ಲೆಕ್ಕ ಹಾಕಿದೆ ಎಂಬುದರ ಅರ್ಥವೇನು? ನನ್ನ ಸುಳ್ಳಿನ ದಂಡವನ್ನು ನಿಜ ಹೇಳುವ ಇನ್ನೊಬ್ಬ ಮೇಷ್ಟರು ತಮ್ಮ ಒಳ್ಳೆಯ ಯಂತ್ರದ ಬೆಲೆಯಲ್ಲಿ ತೆರುತ್ತಿದ್ದಾರೆ ಎಂದೇ ಅಲ್ಲವೆ? ಇದಲ್ಲದೆ, ಕಂಪನಿ ನನ್ನ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಪೂಜಿಸುವುದಿಲ್ಲ. ಒರಸಿ, ಹೊಳಪು ಕೊಟ್ಟು, ಮುಂದಕ್ಕೆ ಮಾರುತ್ತದೆ. ಸರಪಣಿಯ ತುದಿಯಲ್ಲಿ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ ಹಳೆಯದನ್ನು ಹುಡುಕಿಕೊಂಡು ಬಂದವನು.

ಇನ್ನು ಕಾನೂನು. ನಮ್ಮಲ್ಲಿ ಈಗಲೂ ಜಾರಿಯಲ್ಲಿರುವ 1872ರ ಕರಾರು ಕಾಯಿದೆಯ 17ನೆಯ ಪ್ರಕರಣ ವಂಚನೆ ಎಂದರೇನೆಂಬುದನ್ನು ವಿವರಿಸುತ್ತದೆ. ತಿಳಿದೂ ತಿಳಿದೂ ಸಂಗತಿಯನ್ನು ಮುಚ್ಚಿಡಲು ಪ್ರಯತ್ನಮಾಡುವುದು ವಂಚನೆ. ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ. ಕಾಯಿದೆ ಬರೆದವರು ಇದಕ್ಕೆ ಕುದುರೆಯ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಯಲ್ಲಿ ದೋಷವಿದೆಯೆಂದು ತಿಳಿದೂ ಹರಾಜಿನಲ್ಲಿ ಏನನ್ನೂ ಹೇಳದೆ ಮಾರುತ್ತಾನೆ. ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳಾದರೆ? ಆಗ ಸಂಬಂಧದ ಬಲದಿಂದಲೇ, ದೋಷವನ್ನು ತಿಳಿಸುವುದು ಅವನ ಕರ್ತವ್ಯವಾಗುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮ. “ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಕಾನೂನಿನ ಈ ನಿಲುವಿನಲ್ಲಿ ವಿವೇಕವಿದೆ. ಜಗತ್ತಿನ ಎಲ್ಲ ಮೌನವನ್ನೂ ಅದು ಶಿಕ್ಷಿಸಹೊರಟರೆ ನ್ಯಾಯಾಲಯಗಳು ಸಾಲವು. ಆದರೆ ಮಗಳ ಉದಾಹರಣೆ ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಮಗಳಿಗೆ ಹೇಳಲೇಬೇಕಾದ ದೋಷವನ್ನು ಇನ್ನೊಬ್ಬರ ಮಗಳಿಗೆ ಹೇಳಬೇಕಾಗಿಲ್ಲ ಎಂಬಲ್ಲಿಗೆ ಕಾನೂನಿನ ಗಡಿ ಮುಗಿಯುತ್ತದೆ. ಮನುಷ್ಯತ್ವದ ಗಡಿಯೂ ಅಲ್ಲಿಯೇ ಮುಗಿಯಬೇಕೆ?

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನೆಂದರು? ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ, ಕೊಂಡು ಮಾರಿದ ಮೇಲೆ ಮನಸ್ಸು ಬದಲಾದರೆ ಏನು ಮಾಡಬೇಕೆಂಬ ಒಂದು ಅಧ್ಯಾಯವೇ ಇದೆ. ವ್ಯಾಪಾರವನ್ನು ಮುರಿದುಕೊಳ್ಳಲು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿಯ ಅವಧಿ. ಅವರವರ ಸರಕಿನ ಗುಣದೋಷ ಬಯಲಾಗಲು ಬೇಕಾಗುವ ಕಾಲವನ್ನು ನೋಡಿ ಹಾಕಿದ ಲೆಕ್ಕ ಇದೆಂದು ನನಗೆ ತೋರುತ್ತದೆ. ನಾಲ್ಕು ಕಾಲಿನ ಪ್ರಾಣಿಗಳನ್ನು ಹಿಂದಿರುಗಿಸಲು ಮೂರು ಪಕ್ಷಗಳ, ಎಂದರೆ ಒಂದೂವರೆ ತಿಂಗಳ, ಅವಕಾಶವಿದೆ. ರೋಗವಿರುವುದನ್ನು ಆರೋಗ್ಯವಾಗಿದೆಯೆಂದು ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ. ಕೌಟಿಲ್ಯ ಧರ್ಮೋಪದೇಶಕ್ಕೆ ಹೆಸರಾದವನಲ್ಲ. ಬೊಕ್ಕಸದ ಲೆಕ್ಕ ಬಲ್ಲವನು. ಒಳಗಿನ ರೋಗ ಹೊರಗೆ ಕಾಣಲು ದಿನ ಹಿಡಿಯುತ್ತದೆಂಬುದನ್ನೂ, ಆ ದಿನಗಳ ಲಾಭ ಮಾರುವವನಿಗೆ ಸಲ್ಲಬಾರದೆಂಬುದನ್ನೂ ಅವನು ಮನಗಂಡಿದ್ದ. ನೀರು ಕುಡಿದ ಲ್ಯಾಪ್‌ಟಾಪು ಈ ನಾಲ್ಕು ಕಾಲಿನ ಜಾತಿಗೆ ಸೇರಿದ್ದೆಂದು ನನ್ನ ಅಭಿಪ್ರಾಯ.

ನಾವು ತಂದೆ ಮಕ್ಕಳು ಹೀಗೆ ಚರ್ಚಿಸುತ್ತಿರುವಾಗಲೇ ನೆರೆಮನೆಯವರು ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ಕನ್ನಡ ಎಂ.ಎ. ಓದುತ್ತಿರುವ ಹುಡುಗಿ; ಪ್ರಬಂಧ ಬರೆಯಲು ಹಳೆಯ ಲ್ಯಾಪ್‌ಟಾಪೊಂದು ಬೇಕಿತ್ತು. ಜೊತೆಗೆ ಅವಳ ತಂದೆ. ದೇವರಾಜ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಅವರದು. ಹುಡುಗಿ ಯಂತ್ರವನ್ನು ತೆರೆದು ನಾಲ್ಕು ಸಾಲು ಕನ್ನಡ ಬೆರಳಚ್ಚಿಸಿ ನೋಡಿದಳು. ಅವಳ ಮುಖ ಅರಳಿತು. ತಂದೆ 12,000 ರೂಪಾಯಿ ಕೊಡಲು ಸಿದ್ಧರಾಗಿದ್ದರು. ಆಗ ಅವಳು ಕೇಳಿದಳು: “ಏನೂ ತೊಂದರೆ ಇಲ್ಲ ಅಲ್ವಾ ಸರ್?”

ಕುದುರೆಯ ಮೂರನೆಯ ಉದಾಹರಣೆ ನನ್ನ ನಡುಮನೆಯಲ್ಲಿಯೇ ನಿಂತಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ: ಕೋತಿ, ಹೆಂಚು, ಮಳೆ, ಕಿಲುಬು, ಕೆಂಪಾದ ಚೀಟಿ, ದುರಸ್ತಿಯ ಹುಡುಗನ ಮಾತು. ಹುಡುಗಿ ಮೆಲ್ಲಗೆ ಮುಚ್ಚಳವನ್ನು ಮುಚ್ಚಿದಳು. ಪ್ರಬಂಧ ಅರ್ಧವಾಗಿರುವಾಗ ಯಂತ್ರ ನಿಂತರೆ ಅವಳ ಗತಿಯೇನು? ಮಾತೇ ಹೊರಡದ ಒಂದು ಗಳಿಗೆ ಕಳೆಯಿತು. ಆಮೇಲೆ ಅವಳ ತಂದೆ ನಕ್ಕು ಹೇಳಿದರು: “ನಮ್ಮ ಅಂಗಡೀಲೂ ಇದೇ ಕಥೆ ಮೇಷ್ಟ್ರೇ. ಪೆಟ್ಟಾದ ಹಣ್ಣು ಅಂದ್ರೆ ಎಸೆಯೋ ಹಣ್ಣಲ್ಲ. ಅದನ್ನ ಬೇರೆ ಗುಡ್ಡೆ ಹಾಕ್ಬೇಕು. ಒಳ್ಳೇದರ ಜೊತೆ ಸೇರಿಸಿದ್ರೆ ಮೋಸ. ಬೇರೆ ಗುಡ್ಡೆ ಹಾಕಿದ್ರೆ ವ್ಯಾಪಾರ. ಜ್ಯೂಸಿನೋರು ಬಂದು ತಗೊಂಡು ಹೋಗ್ತಾರೆ. ನಿಮ್ಮ ಈ ಮಿಷನ್ನಿಗೂ ಜ್ಯೂಸಿನೋರು ಯಾರಾದ್ರೂ ಇದ್ದೇ ಇರ್ತಾರೆ, ನೋಡಿ.”

ಕೌಟಿಲ್ಯನ ಅಧ್ಯಾಯವೂ ಅಕರ್ಲಾಫರ ಪ್ರಬಂಧವೂ ನನಗೆ ಹೇಳದೆ ಬಿಟ್ಟದ್ದನ್ನು ಆ ಹಣ್ಣಿನ ವ್ಯಾಪಾರಿ ಹೇಳಿದರು. ದೋಷವನ್ನು ಹೇಳಿದರೆ ವಸ್ತು ಬೆಲೆಯಿಲ್ಲದ್ದಾಗುತ್ತದೆ ಎಂಬ ಭಯವೇ ನಮ್ಮ ಬಾಯಿ ಕಟ್ಟುವುದು. ದೋಷವನ್ನು ಹೇಳಿದಾಗ ವಸ್ತು ತನಗೆ ತಕ್ಕ ಗಿರಾಕಿಯ ಕಡೆಗೆ ತಿರುಗುತ್ತದೆ, ಅಷ್ಟೆ. ಹೇಳದಿದ್ದರೆ ತಪ್ಪು ಗಿರಾಕಿಯ ಮನೆ ಸೇರುತ್ತದೆ. ಪ್ರಬಂಧ ಬರೆಯುವ ಹುಡುಗಿಗೆ ನಂಬಿಕೆಗೆ ಯೋಗ್ಯವಾದ ಯಂತ್ರ ಬೇಕು. ಅವಳ ಪಾಲಿಗೆ ಇದು ಮೂರು ಕಾಸಿನದಲ್ಲ. ದುರಸ್ತಿ ಮಾಡುವವನಿಗೆ ಬೇಕಾದದ್ದು ಬಿಡಿಭಾಗ. ಪರದೆ, ಅಕ್ಷರಗುಂಡಿಯ ಹಲಗೆ, ಕೀಲು, ನೆನಪಿನ ಬಿಲ್ಲೆ, ಇವುಗಳಲ್ಲಿ ನೀರು ಮುಟ್ಟದ ಒಂದೊಂದೂ ಬೇರೊಂದು ಯಂತ್ರಕ್ಕೆ ಜೀವ ಕೊಡಬಲ್ಲದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಬಿಡಿಭಾಗಗಳಿಗೆ ಇರುವ ಬೇಡಿಕೆಯನ್ನು ಕಂಡವರಿಗೆ ಈ ಮಾತು ಒಪ್ಪಿಗೆಯಾದೀತು.

ನನ್ನ ಯಂತ್ರ ಕೊನೆಗೆ ಅದನ್ನು ತೊಳೆದು ಒಣಗಿಸಿದ ಹುಡುಗನಿಗೇ 3,500 ರೂಪಾಯಿಗೆ ಹೋಯಿತು. ಒಳಗೇನಿದೆಯೆಂದು ನನಗಿಂತ ಚೆನ್ನಾಗಿ ತಿಳಿದಿದ್ದವನು ಅವನೆ. ರಸೀತಿಯಲ್ಲಿ ‘ನೀರು ಬಿದ್ದದ್ದು, ಬಿಡಿಭಾಗಕ್ಕಾಗಿ’ ಎಂದು ಬರೆಸಿದೆ. ಮಗ ಲೆಕ್ಕ ಹಾಕಿ 8,000 ರೂಪಾಯಿ ನಷ್ಟವೆಂದ. ಹಣ್ಣಿನ ವ್ಯಾಪಾರಿಯ ಲೆಕ್ಕದಲ್ಲಿ ಆ ಹಣ ನನ್ನದಾಗಿಯೇ ಇರಲಿಲ್ಲ. ಇಲ್ಲದ ಹಣ ಕಳೆಯುವುದು ಹೇಗೆ? ತಂದೆ ಮಕ್ಕಳ ನಡುವಿನ ಈ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ.

ನಿಮ್ಮ ಮನೆಯಲ್ಲಿಯೂ ಇಂಥ ಯಂತ್ರವೊಂದು ಇರಬಹುದು. ಎರಡು ವ್ಯಾವಹಾರಿಕ ಮಾತುಗಳನ್ನು ಸೇರಿಸುತ್ತೇನೆ. ಮೊದಲನೆಯದು, ಒಳಗಿನ ಮಾಹಿತಿ. ಕಡತವನ್ನು ಅಳಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಪುಸ್ತಕದ ಪರಿವಿಡಿಯನ್ನು ಹರಿದರೆ ಪುಟಗಳು ಹೋಗುವುದಿಲ್ಲವಷ್ಟೆ? ಬಲ್ಲವನು ಮತ್ತೆ ಓದಬಲ್ಲ. ಬ್ಯಾಂಕಿನ ಕಾಗದ, ಆಧಾರ್ ಚೀಟಿಯ ಪ್ರತಿ, ಮಕ್ಕಳ ಪತ್ರ ಎಲ್ಲವೂ ಅಲ್ಲಿರುತ್ತವೆ. ಮಾಹಿತಿಯ ಡಿಸ್ಕನ್ನು ಬೇರ್ಪಡಿಸಬಹುದಾದ ಯಂತ್ರವಾದರೆ ಅದನ್ನು ತೆಗೆಸಿ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಮಾರುವುದು ಕ್ಷೇಮ. ನಾನು ಹಾಗೆಯೇ ಮಾಡಿದೆ. ನನ್ನ ದನದ ಪದಗಳೆಲ್ಲ ಈಗ ಹೊಸ ಕೊಟ್ಟಿಗೆಯಲ್ಲಿ ಕ್ಷೇಮವಾಗಿವೆ. ಎರಡನೆಯದು, ಯಾರಿಗೂ ಬೇಡವಾದ ಯಂತ್ರದ ವಿಚಾರ. ನೀರು ಕಂಡ ಲಿಥಿಯಂ ಬ್ಯಾಟರಿ ಊದಿಕೊಳ್ಳಬಹುದು, ಹೊತ್ತಿಕೊಳ್ಳಲೂ ಬಹುದು. ಅದನ್ನು ಬೀದಿಯ ಕಸದ ಗಾಡಿಗೆ ಹಾಕುವುದೆಂದರೆ ಪೌರಕಾರ್ಮಿಕರ ಕೈಗೆ ಕೆಂಡ ಕೊಟ್ಟಂತೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳನ್ನು ನೋಂದಾಯಿತ ಸಂಸ್ಕರಣಕಾರರ ಮೂಲಕ ವಿಲೇವಾರಿ ಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಂಥವರಿಗೆ ತಲಪಿಸುವುದಷ್ಟು ನಮ್ಮ ಪಾಲಿನ ಕೆಲಸ.

ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ಗಾದೆ ಹೇಳುತ್ತದೆ. ಅದು ಪಡೆಯುವವನಿಗೆ ಹೇಳಿದ ಮಾತು. ದುಡ್ಡಿಗೆ ಮಾರುವವನಿಗೆ ಅದರ ಮರುಮಗ್ಗುಲಿನ ಗಾದೆಯೊಂದು ಬೇಕಾಗಿದೆ: ಬಾಯಿ ಬಿಡದ ಆಕಳ ಹಲ್ಲನ್ನು ಮಾರುವವನೇ ಎಣಿಸಿ ಹೇಳಬೇಕು. ಮುಂದೆ ಬರುವ ಸರಕುಗಳೆಲ್ಲ ಇನ್ನೂ ಹೆಚ್ಚು ಬಾಯಿ ಬಿಗಿದವೇ ಆಗಿರುತ್ತವೆ. ಕೊಳ್ಳುವವನ ಕಣ್ಣು ಕಿವಿ ಬೆರಳುಗಳಿಗೆ ನಿಲುಕದಂಥವು. ಆಗ ಪೇಟೆಯಲ್ಲಿ ಉಳಿಯುವ ಪರೀಕ್ಷೆ ಒಂದೇ, ಮಾರುವವನ ಮಾತು. ಅದಕ್ಕೆ ಕಿಲುಬು ಹತ್ತಿದರೆ ತೊಳೆದುಕೊಡುವ ದುರಸ್ತಿಯ ಅಂಗಡಿ ಇನ್ನೂ ಎಲ್ಲಿಯೂ ತೆರೆದಿಲ್ಲ.